ಗಾಜಿನ ಕಿಟಕಿಯಿಂದ ಎದ್ದು ಬಂದವಳು

ತೊಹಾಚಿ, ನ್ಯೂ ಮೆಕ್ಸಿಕೊ
21 ಸೆಪ್ಟೆಂಬರ್ 1975

ನನ್ನ ಮುದ್ದಿನ ಮಗಳು ಡೆಲ್ಫೀನ್‌ಗೆ,

ನಾನು, ನಿನ್ನ ಚಿಕ್ಕಮ್ಮ ಆಲ್ವಿನಾ, ಕುರಿಗಳು, ಕುರಿಗಳಿಗಿಂತ ಹೆಚ್ಚು ತಿನ್ನುವ ಆ ಮುದಿ ನಾಯಿ, ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನೀನೂ ಹಾಗೇ ಇರಬೇಕೆಂದು ದಿನಾ ಬೆಳಗ್ಗೆ ಪೂರ್ವಕ್ಕೆ ಮುಖ ಮಾಡಿ ಜೋಳದ ಪರಾಗ ತೂರುವಾಗ ಬೇಡಿಕೊಳ್ಳುತ್ತೇನೆ. ನಿನ್ನ ಎರಡು ಕಾಗದಗಳೂ ಬಂದವು. ಒಂದಕ್ಕೂ ಉತ್ತರ ಬರೆಯದೆ ಇಡೀ ಬೇಸಿಗೆ ಕಳೆದುಬಿಟ್ಟೆ. ಮೊದಲು ಕುರಿಗಳು ಮರಿ ಹಾಕುವ ಕಾಲ, ಆಮೇಲೆ ಉಣ್ಣೆ ಕತ್ತರಿಸುವ ಕಾಲ, ಆಮೇಲೆ ಮಳೆಗೆ ನಮ್ಮ ಮಣ್ಣುರಸ್ತೆ ಕೊಚ್ಚಿಹೋಗಿ ಅಂಚೆಯವರೆಗೂ ಹೋಗುವಂತಿರಲಿಲ್ಲ. ಬಲಗೈ ಹೆಬ್ಬೆರಳನ್ನು ಬೇರೆ ಸುಟ್ಟುಕೊಂಡಿದ್ದೆ. ಬೇಸರ ಮಾಡಿಕೊಳ್ಳಬೇಡ. ಬಾಕಿಯದನ್ನೆಲ್ಲ ಸೇರಿಸಿ ಈಗ ಬರೆಯುತ್ತಿದ್ದೇನೆ, ಕಾಫಿ ಮಾಡಿಕೊಂಡು ಕೂತುಕೋ.

ಆಲ್ವಿನಾಳ ಟ್ರಕ್ಕು ಕೊನೆಗೂ ಸತ್ತಿತು. ಸತ್ತದ್ದನ್ನು ಅವಳು ಒಪ್ಪುತ್ತಿಲ್ಲ. ದಿನಾ ಅದರೊಳಗೆ ಕೂತು ಬೈಯುತ್ತಾಳೆ, ಒಂದು ದಿನ ನಾಚಿಕೆಯಾಗಿ ಅದೇ ಹೊರಡುತ್ತದೆ ಎಂದು ಅವಳ ಲೆಕ್ಕ. ಮುಸುಕಿನ ಜೋಳ ಈ ಸಲ ಚೆನ್ನಾಗಿ ಬಂದಿದೆ. ತೆನೆಗಳನ್ನು ನೆಲದ ಒಲೆಯಲ್ಲಿ ಹುಗಿದು ಸುಟ್ಟು ಒಣಗಿಸಿದ್ದೇವೆ, ನಿನ್ನ ಪಾಲು ಹಿಟ್ಟಿನ ಚೀಲದಲ್ಲಿ ಕಟ್ಟಿಟ್ಟಿದ್ದೇನೆ.

ಇನ್ನು ದೊಡ್ಡ ಸುದ್ದಿ. ಗ್ಯಾಲಪ್ ಕಡೆಯಿಂದ ಡೆನ್ವರಿಗೆ ಬಂದ ಯಾರಾದರೂ ನಿನಗೆ ಹೇಳಿರಬಹುದು, ನಿನ್ನಮ್ಮನಿಗೆ ತಲೆ ಕೆಟ್ಟಿದೆ, ಹೆದ್ದಾರಿ ಬದಿಯಲ್ಲಿ ನಿಂತು ಕೂಗಾಡುತ್ತಾಳೆ ಎಂದು. ಕೂಗಾಡುವುದು ನಿಜ. ತಲೆ ಕೆಟ್ಟಿಲ್ಲ. ಉಳಿದದ್ದನ್ನು ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳು.

ನಾನು ಗ್ಯಾಲಪ್‌ನಲ್ಲಿ ರೈಲುಹಳಿಯ ಎದುರಿನ ಕ್ರೌಚನ ಅಂಗಡಿಯಲ್ಲಿ ಕೂರುತ್ತಿದ್ದದ್ದು ನಿನಗೆ ಗೊತ್ತಲ್ಲ. ಬೀದಿಗೆ ಮುಖ ಮಾಡಿದ ಎರಡು ದೊಡ್ಡ ಗಾಜಿನ ಕಿಟಕಿ. ಎಡಗಡೆಯದರಲ್ಲಿ ನಾನು, ಬಲಗಡೆಯದರಲ್ಲಿ ನಮ್ಮ ಕುಲದ ತಮ್ಮ ಹ್ಯಾರಿಸನ್ ಬಿಟ್ಸುಯಿ. ಬಸ್ಸುಗಳಲ್ಲಿ ಬಂದ ಪ್ರವಾಸಿಗಳು ಗಾಜಿನ ಆಚೆ ನಿಂತು ನಾವು ಬೆಳ್ಳಿ ಬಡಿಯುವುದನ್ನು ನೋಡಬೇಕು, ಆಮೇಲೆ ಒಳಗೆ ಬಂದು ಕೊಳ್ಳಬೇಕು. ಕ್ರೌಚನ ಕಟ್ಟಳೆಗಳು ಹಲವು. ಮಖಮಲ್ಲಿನ ರವಿಕೆಯನ್ನೇ ಹಾಕಬೇಕು, ಎಷ್ಟೇ ಸೆಕೆಯಿರಲಿ. ಕೂದಲನ್ನು ಉಣ್ಣೆಯ ದಾರದಿಂದ ಕಟ್ಟಿರಬೇಕು. ಕನ್ನಡಕ ಹಾಕಬಾರದು. ಮುಖ್ಯವಾಗಿ ಇಂಗ್ಲಿಷ್ ಮಾತಾಡಬಾರದು.

"ನೀನು ಸುಮ್ನೆ ನಗ್ತಾ ಇರು ಲುಸಿಂಡಾ, ಮಾತು ನಾನಾಡ್ತೀನಿ," ಎನ್ನುತ್ತಿದ್ದ.

ಬೋರ್ಡಿಂಗ್ ಶಾಲೆಯಲ್ಲಿ ನಮ್ಮ ಮಾತಾಡಿದರೆ ಬಾಯಿಗೆ ಸಾಬೂನು ಹಾಕಿ ಉಜ್ಜುತ್ತಿದ್ದರು. ಇಲ್ಲಿ ಅವರ ಮಾತಾಡಿದರೆ ಗಿರಾಕಿ ಓಡಿಹೋಗುತ್ತಾನೆ! ಹ್ಯಾರಿಸನ್ ತನ್ನ ಕಿಟಕಿಯಿಂದ ನಮ್ಮ ಭಾಷೆಯಲ್ಲಿ ಕೂಗುತ್ತಿದ್ದ, "ಅಕ್ಕಾ, ಆ ಕೆಂಪು ಟೋಪಿಯವನ ಕೈ ನೋಡು, ಕಡಲೆಕಾಯಿ ಎಸೀತಾನೋ ಏನೋ. ಎಸೆದ್ರೆ ನನಗೂ ಅರ್ಧ ಕೊಡು." ನಾನು ನಗುತ್ತಿದ್ದೆ. ಗಾಜಿನ ಆಚೆಯವರು ನಾನು ತಮ್ಮನ್ನು ನೋಡಿ ನಕ್ಕೆನೆಂದು ಫೋಟೊ ತೆಗೆಯುತ್ತಿದ್ದರು.

ಹೀಗಿದ್ದರೂ ನಾನು ಅಲ್ಲಿ ಕೂತೆ. ಕೈತುಂಬ ಕೆಲಸವಿತ್ತು, ಬೆಸುಗೆ ಹಾಕಲು ಗ್ಯಾಸಿನ ಒಳ್ಳೆಯ ಬೆಂಕಿಯಿತ್ತು, ಪಕ್ಕದಲ್ಲಿ ಮಾತಿಗೆ ಹ್ಯಾರಿಸನ್ ಇದ್ದ. ನಾನು ಮಾಡಿದ್ದನ್ನು ನಾನು ಮಾಡಿದ್ದೆಂದೇ ಮಾರುತ್ತಿದ್ದರು. ಅಷ್ಟು ಸಾಕೆಂದುಕೊಂಡಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಬಿಳಿ ಟೋಪಿಯ ಒಬ್ಬ ಮುದುಕಿ, ಓಹಾಯೊ ಕಡೆಯವಳು, ಅಂಗಡಿಯೊಳಗಿಂದ ನನ್ನ ಕಿಟಕಿಯ ಹತ್ತಿರ ಬಂದು ನಿಂತಳು. ಅವಳ ಕೈಯಲ್ಲಿ ಒಂದು ಸರವಿತ್ತು. ವ್ಯಾಪಾರಿಗಳು ಕುಂಬಳಹೂವಿನ ಸರ ಎನ್ನುತ್ತಾರಲ್ಲ, ನಮ್ಮವರು ಅರಳುವ ಮಣಿ ಎನ್ನುವುದು, ಅದು. ಸರವನ್ನು ತೋರಿಸುತ್ತಾಳೆ, ನನ್ನನ್ನು ತೋರಿಸುತ್ತಾಳೆ, ಕಿವುಡಿಗೆ ಹೇಳುವವಳ ಹಾಗೆ ಬಾಯಿ ಅಗಲಿಸಿ, "ನೀನು? ಮಾಡಿದ್ದು? ನೀನು?" ಎನ್ನುತ್ತಾಳೆ. ಸರಕ್ಕೆ ಕಟ್ಟಿದ ಚೀಟಿಯನ್ನು ನನ್ನ ಮುಖಕ್ಕೆ ಹಿಡಿದಳು. ಚೀಟಿಯ ಮೇಲೆ ನನ್ನ ಫೋಟೊ, ಅದೇ ಮಖಮಲ್ಲಿನ ರವಿಕೆ, ಅದೇ ಪೆದ್ದು ನಗು. ಕೆಳಗೆ ಅಚ್ಚಾಗಿತ್ತು: ನವಾಹೊ ಕುಶಲಕರ್ಮಿ ಲುಸಿಂಡಾ ಕೈಯಾರೆ ಮಾಡಿದ್ದು.

ಸರವನ್ನು ಕೈಗೆ ತೆಗೆದುಕೊಂಡೆ. ಹೂವು ನನ್ನದೇ. ದಳಗಳ ಬಾಗು ನಿನ್ನ ಅಜ್ಜನಿಂದ ನನಗೆ ಬಂದದ್ದು. ಒಂದು ದಳದ ಅಂಚಿನಲ್ಲಿ ಅರ ಜಾರಿ ಬಿದ್ದ ಗೀರು, ಅದೂ ನನ್ನದೇ. ಆದರೆ ಪಕ್ಕದ ಹೂವಿನಲ್ಲೂ ಅದೇ ಗೀರು. ಅದರ ಪಕ್ಕದ್ದರಲ್ಲೂ ಅದೇ. ನಾನು ಎದ್ದು ಹಿಂದಿನ ಕಪಾಟಿಗೆ ಹೋದೆ. ಅಲ್ಲಿ ಗೂಟಕ್ಕೊಂದರಂತೆ ಸಾಲಾಗಿ ಅದೇ ಸರ ನೇತಾಡುತ್ತಿತ್ತು. ಎಲ್ಲದರಲ್ಲೂ, ಎಲ್ಲ ಹೂವಿನಲ್ಲೂ, ಅದೇ ಜಾಗದಲ್ಲಿ ನನ್ನ ಅರ ಜಾರಿತ್ತು. ನನ್ನ ಒಂದು ಹೂವಿನಿಂದ ರಬ್ಬರಿನ ಅಚ್ಚು ತೆಗೆದು ಎಲ್ಲೋ ಯಂತ್ರದಲ್ಲಿ ಎರಕ ಹೊಯ್ದಿದ್ದರು. ನನ್ನ ತಪ್ಪನ್ನು ಕೂಡ ಬಿಟ್ಟಿರಲಿಲ್ಲ.

ಮುದುಕಿ ನನ್ನ ಹಿಂದೆಯೇ ಬಂದಿದ್ದಳು. ನಾನು ತಿರುಗಿ, ಶಾಲೆಯಲ್ಲಿ ಕಲಿಸಿದ ಅತ್ಯಂತ ಸ್ವಚ್ಛ ಇಂಗ್ಲಿಷಿನಲ್ಲಿ, "ಇಲ್ಲಮ್ಮ, ಇದನ್ನ ನಾನು ಮಾಡಿಲ್ಲ. ಇದು ಯಂತ್ರದ್ದು. ದಯವಿಟ್ಟು ನಿಮ್ಮ ದುಡ್ಡು ವಾಪಸ್ ತಗೊಳ್ಳಿ," ಎಂದೆ.

ಅವಳು ಗಂಡನ ತೋಳು ಹಿಡಿದು ಕಿರುಚಿದಳು, "ವಾಲ್ಟರ್! ಇವಳಿಗೆ ಮಾತು ಬರುತ್ತೆ!"

ಹ್ಯಾರಿಸನ್ ತನ್ನ ಕಿಟಕಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ಕ್ರೌಚ್ ಒಳಗಿನ ಕೋಣೆಯಿಂದ ಬರುವುದನ್ನು ಕಂಡು ನಗು ನಿಲ್ಲಿಸಿದ.

ಕ್ರೌಚ್ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಅವನು ಕೂಗಾಡುವವನಲ್ಲ. ಮರಿ ಕುರಿಯ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಾನೆ.

"ನೋಡು ಲುಸಿಂಡಾ, ಅಚ್ಚು ತೆಗೆದ ಆ ಸರ ನಾನು ಕದ್ದಿದ್ದಲ್ಲ. ಇದೇ ಕೌಂಟರಿನಲ್ಲಿ ಕೊಂಡಿದ್ದು. ಕೊಂಡ ಮೇಲೆ ಅದು ನನ್ನದು. ನನ್ನದರಿಂದ ನಾನು ನೂರು ಮಾಡ್ತೀನಿ, ಸಾವಿರ ಮಾಡ್ತೀನಿ."

"ಮಾಡಿಕೋ. ನನ್ನ ಮುಖ ಯಾಕೆ ಕಟ್ಟಿದ್ದೀಯ ಅದಕ್ಕೆ?"

"ಮಾದರಿ ನಿನ್ನದು ತಾನೇ? ನೀನು ನವಾಹೊ, ನನ್ನ ಅಂಗಡಿಯಲ್ಲಿ ಕೂತಿದ್ದೀಯ. ಇದರಲ್ಲಿ ಸುಳ್ಳೇನಿದೆ ಹೇಳು. ಬೇಕಾದ್ರೆ ನಿನಗೂ ಒಂದು ಪಾಲು ಅಂತ ಇಟ್ಕೊಳ್ಳೋಣ. ನೀನು ಸುತ್ತಿಗೇನೂ ಎತ್ತಬೇಕಾಗಿಲ್ಲ."

ಅವನು ಇನ್ನೂ ಏನೇನೋ ಹೇಳಿದ. ಅದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಕೊನೆಗೆ, "ಹೋಗು, ಹೋಗಿ ಕೂತ್ಕೋ. ನಾಳೆ ನೀಲಿ ರವಿಕೆ ಹಾಕ್ಕೊಂಡು ಬಾ, ದೊಡ್ಡ ಬಸ್ಸು ಬರ್ತಿದೆ," ಎಂದ.

ನಾನು ಹೋದೆ, ಕೂರಲಿಲ್ಲ. ನನ್ನ ಸುತ್ತಿಗೆಗಳು, ಅರಗಳು, ಬೆಳ್ಳಿಯ ಮೇಲೆ ಗೆರೆ ಒತ್ತುವ ಅಚ್ಚುಳಿಗಳು ಎಲ್ಲವನ್ನೂ ರವಿಕೆಯ ಮೇಲೆ ಹೊದ್ದಿದ್ದ ಶಾಲಿನಲ್ಲಿ ಗಂಟು ಕಟ್ಟಿದೆ. ಆಮೇಲೆ ಬೆಳ್ಳಿ ಬಡಿಯುವ ಅಡಿಗಲ್ಲನ್ನು ಎತ್ತಲು ಹೋದೆ. ಅದು ನಿನ್ನ ಅಜ್ಜ ರೈಲುಹಳಿಯ ತುಂಡಿನಿಂದ ಮಾಡಿಕೊಂಡದ್ದು, ಇಬ್ಬರು ಗಂಡಸರು ಎತ್ತುವಂಥದ್ದು. ಹ್ಯಾರಿಸನ್ ಕಡೆ ತುಟಿ ಚಾಚಿ, ಒಂದು ಕೈ ಹಿಡಿ ಎಂದು ಸನ್ನೆ ಮಾಡಿದೆ. ಅವನು ತಲೆ ತಗ್ಗಿಸಿಕೊಂಡು ಇದ್ದ ಮಣಿಯನ್ನೇ ಉಜ್ಜುತ್ತ ಕೂತ. ಸರಿ, ಹೊಟ್ಟೆಗೆ ಆನಿಸಿಕೊಂಡು ನಾನೇ ಎತ್ತಿದೆ. ಎತ್ತಿದ್ದು ಹೇಗೆಂದು ಈಗ ಕೇಳಿದರೆ ಗೊತ್ತಿಲ್ಲ.

ಕ್ರೌಚ್, "ಹಿಂದಿನ ಬಾಗಿಲಿಂದ ಹೋಗು," ಎಂದ.

"ನಾನು ಮುಂದಿನ ಬಾಗಿಲಿಂದ ಬಂದವಳು," ಎಂದೆ.

ಗಿರಾಕಿಗಳು ಇಬ್ಭಾಗವಾಗಿ ದಾರಿ ಬಿಟ್ಟರು. ವಾಲ್ಟರ್ ಬಾಗಿಲು ತೆರೆದು ಹಿಡಿದ. ನಾನು ಮಗು ಹೊತ್ತವಳ ಹಾಗೆ ರೈಲುಹಳಿ ಹೊತ್ತುಕೊಂಡು ಬೀದಿಗೆ ಬಂದೆ. ಮುಂದಕ್ಕೆ ಹೆಜ್ಜೆ ಬರಲಿಲ್ಲ. ಅಂಗಡಿಯೆದುರಿನ ಕಟ್ಟೆಯ ಮೇಲೆ ಅದನ್ನಿಟ್ಟು ಅದರ ಮೇಲೆಯೇ ಕೂತು, ಆಲ್ವಿನಾ ಬರುವವರೆಗೂ ಬೆವರು ಒರೆಸಿಕೊಂಡೆ. ಆ ಬಿಳಿ ಟೋಪಿಯ ಮುದುಕಿ ಹೊರಗೆ ಬಂದಳು. ಕ್ರೌಚ್ ಸರ ವಾಪಸ್ ತೆಗೆದುಕೊಂಡಿರಲಿಲ್ಲ. ಅವಳು ಅದನ್ನು ನನ್ನ ಮಡಿಲಲ್ಲಿಟ್ಟು, "ಇದಕ್ಕೆ ಏನು ಮಾಡಬೇಕು ಅನ್ಸುತ್ತೋ ಅದನ್ನ ಮಾಡು," ಎಂದು ಬಸ್ಸು ಹತ್ತಿದಳು. ಅವಳ ಹೆಸರನ್ನೂ ಕೇಳಲಿಲ್ಲ ನಾನು.

ಇಷ್ಟಾದ ಮೇಲೆ ಊರೆಲ್ಲ ನನ್ನ ಬೆನ್ನಿಗೆ ನಿಲ್ಲುತ್ತದೆ ಎಂದು ತಿಳಿದಿದ್ದೆ. ಎಲ್ಲಿಯ ಮಾತು! ಮೊದಲ ಭಾನುವಾರವೇ ಹ್ಯಾರಿಸನ್ ಮನೆಗೆ ಬಂದ. ನಮ್ಮ ಮನೆಯ ಪದ್ಧತಿಯಂತೆ ಹೊರಗೆ ಗಾಡಿಯಲ್ಲೇ ಕೂತು ನಾವು ಕರೆಯುವವರೆಗೆ ಕಾದ. ಕುರಿಮಾಂಸದ ಸಾರು ಬಡಿಸಿದೆ, ಎಣ್ಣೆರೊಟ್ಟಿ ಕೊಟ್ಟೆ. ಎಲ್ಲ ತಿಂದು ಮುಗಿಸಿ ಆಮೇಲೆ ಬೈದ.

"ಅಕ್ಕಾ, ನೀನು ಎದ್ದು ಬಂದೆ, ನಿನಗೆ ಸಂತೋಷ ಆಯ್ತು. ಈಗ ಗಿರಾಕಿಗಳು ನನ್ನನ್ನೂ ಕೇಳ್ತಾರೆ, ನೀನು ನಿಜವಾದವನಾ ಅಂತ. ನನ್ನನ್ನ! ಕ್ರೌಚ್‌ಗೆ ಮಣಿ ಮಾಡಿಕೊಡೋ ಮನೆಗಳು ಎಷ್ಟಿವೆ ಗೊತ್ತಾ ಈ ಕಣಿವೆಯಲ್ಲಿ? ಅವರ ಕೆಲಸಕ್ಕೆಲ್ಲ ಕಲ್ಲು ಹಾಕಿದೆ ನೀನು."

"ಕೆಲಸಕ್ಕೆ ಕಲ್ಲು ಹಾಕ್ತಿರೋದು ಆ ಯಂತ್ರ ಕಣೋ. ಇವತ್ತು ನನ್ನ ಹೂವು. ನಾಳೆ ನಿನ್ನ ಬಳೆ ಎತ್ಕೊಂಡು ಅಚ್ಚು ತೆಗೆದ್ರೆ ಆ ಮನೆಗಳು ಯಾರಿಗೆ ಮಣಿ ಮಾಡ್ತವೆ?"

"ನಾಳೆದು ನಾಳೆ. ನನ್ನ ಮಕ್ಕಳು ಇವತ್ತು ಉಣ್ಣಬೇಕು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಆಲ್ವಿನಾ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ, "ತಿನ್ನು ತಿನ್ನು, ನಮ್ಮಕ್ಕನ ಜೊತೆ ಜಗಳ ಆಡೋಕೆ ಇನ್ನೂ ಶಕ್ತಿ ಬೇಕು," ಎಂದಳು. ಅವನು ನಗಲಿಲ್ಲ. ಮೊದಲ ಸಲ ಕೈ ಕುಲುಕದೆ ಹೋದ.

ಊರ ಪಂಚಾಯ್ತಿ ಸೇರುವ ಚಾಪ್ಟರ್ ಮನೆಯ ಸಭೆಯಲ್ಲೂ ಅದೇ ಆಯಿತು. ಮೇವಿನ ವಿಷಯ, ಬಾವಿಯ ವಿಷಯ ಎಲ್ಲ ಮುಗಿದ ಮೇಲೆ ನಾನು ಎದ್ದು ನಿಂತು ಆ ಸರವನ್ನು ಎಲ್ಲರ ಕೈಗೂ ಕೊಟ್ಟೆ. ಕೆಲವರು ನೋಡಿ ತಲೆಯಾಡಿಸಿದರು. ಕೆಲವರು ನೋಡದೆಯೇ ಪಕ್ಕದವರಿಗೆ ದಾಟಿಸಿದರು. ಕಾನೂನು ನೆರವಿನ ಕಚೇರಿಯಿಂದ ಒಬ್ಬ ಎಳೆಯ ವಕೀಲ ಬಂದಿದ್ದ. ಬಿಳಿಯ ಹುಡುಗ, ಗಡ್ಡ ಬಿಟ್ಟಿದ್ದ. ನಮ್ಮ ಭಾಷೆಯಲ್ಲಿ ನಮಸ್ಕಾರ ಹೇಳಲು ಹೋಗಿ ಏನೋ ಬೇರೆಯೇ ಹೇಳಿ ಎಲ್ಲರನ್ನೂ ನಗಿಸಿದ. ಒಳ್ಳೆಯ ಹುಡುಗ. ಸಭೆಯಾದ ಮೇಲೆ ನನ್ನ ಪಕ್ಕ ಕೂತು ಕೇಳಿದ:

"ಅಮ್ಮ, ನಿಮ್ಮ ಫೋಟೊ ಮತ್ತು ಹೆಸರಿನ ವಿಷಯ ಸುಲಭ. ಒಂದು ಕಾಗದ ಬರೆದ್ರೆ ಸಾಕು, ತೆಗೀತಾನೆ. ಆದ್ರೆ ಅಚ್ಚನ್ನೇ ನಿಲ್ಲಿಸಬೇಕು ಅಂದ್ರೆ ಅವನ ಕೈಗೆ ಆ ಸರ ಹೇಗೆ ಬಂತು ಅಂತ ಗೊತ್ತಾಗಬೇಕು. ಈ ಮಾದರಿಯಲ್ಲಿ ಎಷ್ಟು ಮಾಡಿದ್ರಿ?"

"ಎರಡು. ಒಂದು ಇದು," ಎಂದು ನನ್ನ ಕೊರಳು ತೋರಿಸಿದೆ.

"ಇನ್ನೊಂದು?"

"ನಾನೇ ಮಾರಿದೆ."

"ಕ್ರೌಚ್‌ಗಾ?"

"ಯಾರಿಗೋ. ಮಾರಿದೆ."

ಅವನು ಪೆನ್ನು ಕೆಳಗಿಟ್ಟ. "ಬೇರೆ ಯಾರಾದ್ರೂ ನಿಮಗೆ ಹೇಳದೆ ಮಾರಿದ್ರೆ ಅವರು ಬಂದು ಒಂದು ಮಾತು ಹೇಳಿದ್ರೆ ಸಾಕು, ನಾವು ಗೆಲ್ಲಬಹುದು. ನೀವೇ ಮಾರಿದ್ದು ಅಂದ್ರೆ ಅವನು, ಮಾದರಿ ಸಮೇತ ಮಾರಿದಳು ಅಂತಾನೆ."

"ಅನ್ನಲಿ."

"ಕೇಸು ನಿಲ್ಲಲ್ಲ ಅಮ್ಮ."

"ಕೇಸು ನಿಲ್ಲದಿದ್ರೆ ನಾನು ನಿಲ್ತೀನಿ," ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಗ ನನಗೂ ಪೂರ್ತಿ ಅರ್ಥವಾಗಿರಲಿಲ್ಲ. ಆಲ್ವಿನಾ ದೂರದಿಂದ ನನ್ನನ್ನೇ ನೋಡುತ್ತಿದ್ದಳು.

ಮರುವಾರವೇ ಮನೆಯ ಬಾಗಿಲಿಗೆ ಬಳಿದು ಉಳಿದಿದ್ದ ನೀಲಿ ಬಣ್ಣದಲ್ಲಿ ಒಂದು ಹಲಗೆಯ ಮೇಲೆ ಬರೆದೆ: ಇದು ಯಂತ್ರದ್ದು. ಇದು ನನ್ನದು. ಎರಡನ್ನೂ ಮುಟ್ಟಿ ನೋಡಿ. ಅಡಿಗಲ್ಲು, ಹಲಗೆ, ಒಂದು ಕಂಬಳಿ ಎಲ್ಲವನ್ನೂ ಆಲ್ವಿನಾಳ ಟ್ರಕ್ಕಿಗೆ ಹಾಕಿಕೊಂಡು, ಆಗಿನ್ನೂ ಅದು ಬದುಕಿತ್ತು, ಹೆದ್ದಾರಿ ಬದಿಯ ಶನಿವಾರದ ಸಂತೆಗೆ ಹೋದೆ. ಕ್ರೌಚನ ಅಂಗಡಿ ಅಲ್ಲಿಂದ ಕಾಣುತ್ತದೆ. ಅವನಿಗೆ ನಾನೂ ಕಾಣುತ್ತೇನೆ.

ಮೊದಲು ನಾಚಿಕೆಯಾಯಿತು. ನಾವು ನಮ್ಮನ್ನು ನಾವೇ ಹೊಗಳಿಕೊಳ್ಳುವ ಜನ ಅಲ್ಲವಲ್ಲ. ಸುಮ್ಮನೆ ಕಂಬಳಿಯ ಮೇಲೆ ಕೂತಿದ್ದೆ. ಜನ ಹಲಗೆ ಓದಿ ಹೋಗುತ್ತಿದ್ದರು. ಒಬ್ಬ ಗಂಡಸು ಹೆಂಡತಿಗೆ, "ಎಲ್ಲಾ ಒಂದೇ ಕಣೆ, ಬಾ," ಎಂದ. ಅದು ಕೇಳಿ ಎದ್ದು ನಿಂತೆ. ಎದ್ದ ಮೇಲೆ ಬಾಯಿ ತಾನಾಗಿ ತೆರೆಯಿತು. "ನಾನು ಲುಸಿಂಡಾ ಡೆಸ್ಚೀನಿ! ತಾಯಿಯ ಎತ್ತರದ ಮನೆಯ ಕುಲದವಳು, ತಂದೆಯ ಕಹಿನೀರಿನ ಕುಲಕ್ಕೆ ಹುಟ್ಟಿದವಳು! ಈ ಹೂವನ್ನು ಮಾಡಿದವಳು ನಾನು! ಆ ಅಂಗಡಿಯಲ್ಲಿ ನೇತುಹಾಕಿರೋದನ್ನ ಮಾಡಿದವಳು ನಾನಲ್ಲ!" ಮೊದಲು ನಮ್ಮ ಭಾಷೆಯಲ್ಲಿ, ಆಮೇಲೆ ಅವರ ಭಾಷೆಯಲ್ಲಿ. ಕುರಿ ಕಾಯುವಾಗ ಬೆಳೆಸಿಕೊಂಡ ದನಿ, ನಿನಗೆ ಗೊತ್ತಲ್ಲ, ಎರಡು ಗುಡ್ಡದಾಚೆಯಿಂದ ನಿನ್ನನ್ನು ಊಟಕ್ಕೆ ಕರೆಯುತ್ತಿದ್ದದ್ದು. ಸಂತೆಯಲ್ಲಿ ಒಬ್ಬರೂ ತಿರುಗದೆ ಇರಲಿಲ್ಲ.

ಪ್ರತಿ ಶನಿವಾರ ಇದೇ ಆಯಿತು. ಪೊಲೀಸಿನವನು ಬಂದು, "ಇಲ್ಲಿ ನಿಲ್ಲಬಾರದು, ಆ ಕಂಬದಾಚೆ ಹೋಗು," ಎಂದರೆ ಕಂಬದಾಚೆ ಹೋಗಿ ಕೂಗುತ್ತಿದ್ದೆ. ಇನ್ನೊಬ್ಬ ಬಂದು, "ಕಂಬದ ಈಚೆ ಇರು," ಎಂದರೆ ಈಚೆ ಬರುತ್ತಿದ್ದೆ. ಪ್ರತಿ ಸಲ ಅಡಿಗಲ್ಲು ಎತ್ತಲು ಆ ಪೊಲೀಸಿನವರನ್ನೇ ಕರೆಯುತ್ತಿದ್ದೆ. ಕೊನೆಗೆ ಅವರು ಬರುವುದನ್ನು ಬಿಟ್ಟರು, ಸೊಂಟ ಹಿಡಿದುಕೊಂಡಿರಬೇಕು.

ಜುಲೈನಲ್ಲಿ ಕ್ರೌಚ್ ತಾನೇ ಬಂದ. ಸಂತೆ ತುಂಬಿತ್ತು. ವಕೀಲನ ಕಾಗದ ಅವನ ಜೇಬಿನಲ್ಲಿತ್ತು.

"ಲುಸಿಂಡಾ, ಫೋಟೊ ತೆಗೀತೀನಿ, ಹೆಸರೂ ತೆಗೀತೀನಿ. ಸಾಕಲ್ಲ? ಮನೆಗೆ ಹೋಗು. ಇಲ್ಲಾಂದ್ರೆ ನಿನ್ನ ಕಿಟಕಿಗೇ ವಾಪಸ್ ಬಾ. ಈ ವಯಸ್ಸಿನಲ್ಲಿ ಬಿಸಿಲಲ್ಲಿ ನಿಂತು ಇದೆಲ್ಲ ಯಾಕೆ? ಎರಡು ಸರಕ್ಕೂ ಏನು ವ್ಯತ್ಯಾಸ, ನೋಡೋರಿಗೆ ಗೊತ್ತಾಗುತ್ತಾ?"

ನಾನು ಓಹಾಯೊ ಮುದುಕಿಯ ಸರದಿಂದ ಒಂದು ಹೂವನ್ನು ಕಿತ್ತು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದೆ. ಅದು ಬಿಸ್ಕತ್ತಿನ ಹಾಗೆ ಮುರಿದು ಚೂರು ಹಾರಿತು. ಬೆಳ್ಳಿಯ ಹೆಸರಿನಲ್ಲಿ ಏನೇನು ಬೆರೆಸಿದ್ದರೋ. ಆಮೇಲೆ ನನ್ನ ಕೊರಳಿನ ಸರ ತೆಗೆದೆ. ದಾರ ಬಿಚ್ಚಿ ಒಂದು ಹೂವು ಹೊರಗೆಳೆದೆ. "ಅಕ್ಕಾ, ಬೇಡ," ಎಂದಿತು ಒಂದು ದನಿ. ಜನರ ನಡುವೆ ಹ್ಯಾರಿಸನ್ ನಿಂತಿದ್ದ. ನಾನು ಹೊಡೆದೆ. ಮತ್ತೆ ಹೊಡೆದೆ. ನನ್ನ ಹೂವು ಚಪ್ಪಟೆಯಾಯಿತು, ಎಲೆಯ ಹಾಗೆ ತೆಳ್ಳಗಾಯಿತು, ಮುರಿಯಲಿಲ್ಲ. ಅದನ್ನು ಕ್ರೌಚನ ಅಂಗೈಯಲ್ಲಿಟ್ಟೆ.

"ತಗೋ. ಈ ಹೂವನ್ನ ನಾನು ಇನ್ನು ಮೇಲೆ ಮಾಡಲ್ಲ. ನೀನು ಎಷ್ಟು ಬೇಕಾದ್ರೂ ಹೊಯ್ಕೋ. ನಾನು ಆಗಲೇ ಮಾಡಿ ಮುಗಿಸಿದ್ದನ್ನ ನೀನು ಹೊಯ್ಯಬಹುದು. ನಾಳೆ ನಾನು ಮಾಡೋದನ್ನ ಎಲ್ಲಿಂದ ಹೊಯ್ತೀಯ?"

ಅವನು ಸುತ್ತ ನೋಡಿ, ಆ ಚಪ್ಪಟೆ ಹೂವನ್ನು ಜೇಬಿಗೆ ಹಾಕಿಕೊಂಡು ಹೋದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಒಬ್ಬ ಅಜ್ಜಿ ಮಾತ್ರ ಹತ್ತಿರ ಬಂದು ತನ್ನ ಬಳೆ ಬಿಚ್ಚಿ, "ಇದರ ಕಲ್ಲು ಅಲ್ಲಾಡ್ತಾ ಇದೆ ಮಗಳೇ, ಸರಿ ಮಾಡಿಕೊಡು," ಎಂದಳು. ಅಲ್ಲೇ ಕೂತು, ಕಲ್ಲಿನ ಅಡಿಗೆ ಹೊಸ ಮರದಪುಡಿ ತುಂಬಿ, ಬೆಳ್ಳಿಯ ಅಂಚನ್ನು ಒತ್ತಿ ಕೂರಿಸಿಕೊಟ್ಟೆ. ಅಷ್ಟು ಹೊತ್ತು ಅವಳು ನನಗೆ ತನ್ನ ಕೊಡೆ ಹಿಡಿದು ನಿಂತಿದ್ದಳು.

ಆ ಹೂವಿನ ಅಚ್ಚುಳಿ, ನಿನ್ನ ಅಜ್ಜ ಹಳೆಯ ಅರದಿಂದ ಕೆತ್ತಿದ್ದು, ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಅವರ ಗೆರೆಗಳನ್ನು ಉಜ್ಜಿಹಾಕಿದೆ. ಅವರಿದ್ದಿದ್ದರೆ ನನಗಿಂತ ಮೊದಲು ಅವರೇ ಅರ ಹಿಡಿಯುತ್ತಿದ್ದರು. ಈಗ ಅದೇ ಉಕ್ಕಿನ ಮೇಲೆ ನನ್ನದೇ ಗೆರೆ ಕೆತ್ತಿದ್ದೇನೆ. ಮಳೆ ಬಂದ ಮೇಲೆ ನಮ್ಮ ಮಣ್ಣು ಬಿರಿಯುತ್ತದಲ್ಲ, ಆ ಬಿರುಕಿನ ಹಾಗೆ. ಸರದ ತುದಿಗೆ ನೇತುಬೀಳುವ ಅರ್ಧಚಂದ್ರವನ್ನೂ ಬದಲಿಸಿದೆ. ಮೆತ್ತನೆಯ ಬೂದಿಗಲ್ಲಿನಲ್ಲಿ ಕೆತ್ತಿ, ಬೆಳ್ಳಿ ಅಂಟದಿರಲೆಂದು ಹೊಗೆಯ ಮಸಿ ಹಿಡಿಸಿ ಹೊಯ್ದೆ. ಮೊದಲ ಸಲ ಕಲ್ಲು ಸೀಳಿತು, ಹೆಬ್ಬೆರಳು ಸುಟ್ಟದ್ದು ಆಗಲೇ. ಎರಡನೆಯ ಸಲ ಕಲ್ಲನ್ನು ಬಿಡಿಸಿದಾಗ ಒಳಗೆ ಚಂದ್ರ ಇತ್ತು. ಆಲ್ವಿನಾಳನ್ನು ಕೂಗಿ ಕರೆದೆ. ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದು ನೋಡಿ, "ಕೊಂಬು ವಕ್ರ ಆಯ್ತಲ್ಲೇ," ಎಂದಳು. ವಕ್ರ ಬೇಕೆಂದೇ ಮಾಡಿದ್ದು ಎಂದೆ. ನಂಬಲಿಲ್ಲ.

ಕ್ರೌಚ್ ಫೋಟೊ ತೆಗೆದ, ಹೆಸರು ತೆಗೆದ. ಸರಗಳನ್ನು ಈಗಲೂ ಮಾರುತ್ತಾನೆ, ಕೈಯಾರೆ ಮಾಡಿದ್ದು ಎಂದು ಹೇಳುವಂತಿಲ್ಲ ಅಷ್ಟೆ. ನಾನು ಗೆದ್ದೆನೆಂದು ಹೇಳಲಾರೆ. ಆದರೆ ಆಗಸ್ಟಿನ ಒಂದು ಶನಿವಾರ ಹ್ಯಾರಿಸನ್ ತನ್ನ ಅಡಿಗಲ್ಲು ತಂದು ನನ್ನ ಕಂಬಳಿಯ ಪಕ್ಕ ಧೊಪ್ಪೆಂದು ಇಟ್ಟ. "ಸರ್ಕೋ ಅಕ್ಕಾ, ನೆರಳೆಲ್ಲ ನೀನೇ ಹಿಡ್ಕೊಂಡಿದ್ದೀಯ," ಎಂದ. ಅವನ ಬಳೆಯದೂ ಅಚ್ಚು ತೆಗೆದಿದ್ದರಂತೆ. ನಾನು, "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು, ಕಾಫಿ ಕುಡಿದು ನುಂಗಿದೆ. ಈಗ ಕಣಿವೆಯ ಇನ್ನೂ ಕೆಲವು ಮನೆಯವರು ಬಂದು ಸಾಲಾಗಿ ಕೂರುತ್ತಾರೆ. ಕ್ರೌಚ್ ನನ್ನ ಕಿಟಕಿಯಲ್ಲಿ ಏನು ಇಟ್ಟಿದ್ದಾನೆ ಗೊತ್ತೆ? ಒಂದು ಬಟ್ಟೆಯಂಗಡಿಯ ಬೊಂಬೆ, ಅದಕ್ಕೆ ನನ್ನದರ ಹಾಗೇ ಇರುವ ನೀಲಿ ಮಖಮಲ್ಲಿನ ರವಿಕೆ. ಹ್ಯಾರಿಸನ್ ಹೇಳುತ್ತಾನೆ, "ಅಕ್ಕಾ, ಅವಳು ನಿನಗಿಂತ ಒಳ್ಳೆಯವಳು. ನಗ್ತಾಳೆ, ಇಂಗ್ಲಿಷ್ ಮಾತಾಡಲ್ಲ."

ಇಷ್ಟೇ ಸುದ್ದಿ. ಡೆನ್ವರಿನಲ್ಲಿ ಚಳಿ ಶುರುವಾಗಿರಬೇಕು. ನೀನು ಕೂದಲು ಕತ್ತರಿಸಿಕೊಂಡಿದ್ದೀಯಂತೆ, ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಮುಂದೆ ಹಾದಿ ತೆರೆದಿರಲಿ, ಬೆನ್ನಿಗೆ ನಮ್ಮ ಗುಡ್ಡದ ಗಾಳಿ ಇರಲಿ, ನಿನ್ನ ಕಾಲಡಿಯ ನೆಲ ನಿನ್ನನ್ನು ಗುರುತು ಹಿಡಿಯಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಮ್ಮ,
ಲುಸಿಂಡಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೆ ಇಷ್ಟು ದೂರ ತಂದದ್ದು. ಆ ಇನ್ನೊಂದು ಸರವನ್ನು ನಾನು ಮಾರಲಿಲ್ಲ. ಅದು ನೀನು ಮೈನೆರೆದಾಗ ನಿನಗೆಂದು ಮಾಡಿದ್ದು. ಅದನ್ನು ತೊಟ್ಟು ನೀನು ಬೆಳಗಿನ ಜಾವ ಪೂರ್ವಕ್ಕೆ ಓಡಿದ್ದೆ, ಹೆಣ್ಣುಮಕ್ಕಳೆಲ್ಲ ಕೇಕೆ ಹಾಕುತ್ತ ನಿನ್ನ ಹಿಂದೆ ಓಡಿದ್ದೆವು. ಅಂದು ಒಳಗಿನ ಕೋಣೆಯಲ್ಲಿ ಕ್ರೌಚ್ ಹೇಳಿದ: "ಒಬ್ಬಳು ಹುಡುಗಿ ತಂದಳು, ಗಿಡ್ಡ ಕೂದಲು, ಹೊರಗೆ ಹಳದಿ ಕಾರಿನಲ್ಲಿ ಯಾರೋ ಕಾಯ್ತಿದ್ದ. ಯಾರು ಮಾಡಿದ್ದು ಅಂತ ಕೇಳಿದೆ. ಯಾರೋ ಒಬ್ಬ ಮುದುಕಿ, ಅಂದಳು."

ಆಲ್ವಿನಾಗೂ ಹೇಳಿಲ್ಲ, ವಕೀಲನಿಗೂ ಹೇಳಿಲ್ಲ. ಯಾರಾದರೂ ಕೇಳಿದರೆ ನೀನೂ ಅಮ್ಮನೇ ಮಾರಿದ್ದು ಎನ್ನು. ಮಾರಿದ್ದಕ್ಕೆ ನನ್ನ ತಕರಾರಿಲ್ಲ ಮಗಳೇ. ನನ್ನ ತಾಯಿಯೂ ಹಿಟ್ಟಿಗೆಂದು ತನ್ನ ಮಣಿಗಳನ್ನು ಮಾರಿದವಳು, ಬೆಳ್ಳಿ ಇರುವುದೇ ಕಷ್ಟಕ್ಕಾಗಲಿ ಎಂದು. ನಿನಗೆ ಯಾತಕ್ಕೆ ಬೇಕಾಗಿತ್ತೆಂದು ನಾನು ಕೇಳುವುದಿಲ್ಲ. ಆದರೆ ಈ ಬೇಸಿಗೆಯೆಲ್ಲ ನಾನು ಹೆದ್ದಾರಿ ಬದಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ನನ್ನ ಹೆಸರು ಕೂಗಿದ್ದು ಕ್ರೌಚನಿಗೆ ಕೇಳಲಿ ಎಂದಲ್ಲ. ಅವನ ಅಂಗಡಿ ಹತ್ತಿರವೇ ಇದೆ. ಡೆನ್ವರು ದೂರ.